ಇಪ್ಪತ್ತು ಗೆಲುವು, ನೂರಮೂವತ್ತನಾಲ್ಕು ಸೋಲು: 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್

ಎಲ್ಲರಿಗೂ ನಮಸ್ಕಾರ.

ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆದಿದ್ದೇನೆ: 20 ಮತ್ತು 134. ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಸ್ಪೈಡರ್ಸ್ ಎಂಬ ವೃತ್ತಿಪರ ಬೇಸ್‌ಬಾಲ್ ತಂಡವಿತ್ತು. 1899ರಲ್ಲಿ ಅದು ಆಡಿದ 154 ಪಂದ್ಯಗಳಲ್ಲಿ ಗೆದ್ದದ್ದು 20, ಸೋತದ್ದು 134. ಮೇಜರ್ ಲೀಗ್‌ನಲ್ಲಿ, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ವೃತ್ತಿಪರ ಮಟ್ಟದಲ್ಲಿ, ಒಂದೇ ಸೀಸನ್‌ನಲ್ಲಿ ಇಷ್ಟು ಸೋತ ತಂಡ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಬಂದಿಲ್ಲ. 2024ರಲ್ಲಿ ಚಿಕಾಗೊ ವೈಟ್ ಸಾಕ್ಸ್ 162 ಪಂದ್ಯಗಳಲ್ಲಿ 121 ಸೋತಾಗ ಆಧುನಿಕ ಯುಗದ ಅತಿ ಕೆಟ್ಟ ಸಾಧನೆ ಎಂದು ಪತ್ರಿಕೆಗಳು ಬರೆದವು. ಆ ತಂಡವೂ 41 ಪಂದ್ಯ ಗೆದ್ದಿತ್ತು.

ಸ್ಪೈಡರ್ಸ್ ಹೆಸರು ಬಂದಾಗಲೆಲ್ಲ ನಗು ಬರುತ್ತದೆ. 'ಬೇಸ್‌ಬಾಲ್ ಇತಿಹಾಸದ ಅತಿ ಕೆಟ್ಟ ಆಟಗಾರರು' ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಮಾತು ತಪ್ಪು, ಆ ಆಟಗಾರರಿಗೆ ಮಾಡುವ ಅನ್ಯಾಯವೂ ಹೌದು. 134 ಸೋಲುಗಳ ಮೂಲ ಇರುವುದು ಮಾಲೀಕರ ಲೆಕ್ಕದ ಪುಸ್ತಕದಲ್ಲಿ. ಅದು ಹೇಗೆ ಎಂಬುದನ್ನು ಅಂಕಿ ಅಂಶಗಳ ಮೂಲಕವೇ ಇವತ್ತು ತೋರಿಸುತ್ತೇನೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಒಂದು ಅಳತೆಗೋಲು ಬೇಕು. ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯದ ಫಲಿತಾಂಶದಲ್ಲಿ ಅದೃಷ್ಟದ ಪಾಲು ದೊಡ್ಡದು. ಬ್ಯಾಟಿಗೆ ಸರಿಯಾಗಿ ಸಿಕ್ಕ ಚೆಂಡು ನೇರ ಫೀಲ್ಡರ್ ಕೈಗೆ ಹೋಗಬಹುದು, ಅಂಚಿಗೆ ತಾಗಿದ್ದು ಇಬ್ಬರ ನಡುವೆ ಬೀಳಬಹುದು. ಹಾಗಾಗಿ ಚಾಂಪಿಯನ್ ತಂಡವೂ ಹತ್ತರಲ್ಲಿ ಆರು, ಹೆಚ್ಚೆಂದರೆ ಏಳು ಗೆಲ್ಲುತ್ತದೆ. ಕೊನೆಯ ಸ್ಥಾನದ ತಂಡವೂ ಹತ್ತರಲ್ಲಿ ಮೂರೋ ನಾಲ್ಕೋ ಗೆಲ್ಲುತ್ತದೆ. ಸ್ಪೈಡರ್ಸ್ ಗೆದ್ದದ್ದು ಶೇಕಡಾ 13. ದುರ್ಬಲ ತಂಡ, ಕೆಟ್ಟ ಫಾರ್ಮ್, ಗಾಯಾಳುಗಳು ಎಂಬ ಮಾಮೂಲಿ ಕಾರಣಗಳು ಒಂದು ತಂಡವನ್ನು ಅಷ್ಟು ಕೆಳಕ್ಕೆ ತಳ್ಳಲಾರವು. ಯಾರಾದರೂ ಕೈಯಾರೆ ತಳ್ಳಬೇಕು.

ಹಿಂದಿನ ವರ್ಷಗಳನ್ನು ನೋಡೋಣ. 1892ರಲ್ಲಿ ಸ್ಪೈಡರ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್ ತನ್ನ ಪ್ರತಿಸ್ಪರ್ಧಿ ಅಮೆರಿಕನ್ ಅಸೋಸಿಯೇಷನ್‌ನ ನಾಲ್ಕು ತಂಡಗಳನ್ನು ಸೇರಿಸಿಕೊಂಡು ಹನ್ನೆರಡು ತಂಡಗಳ ಒಂದೇ ದೊಡ್ಡ ಲೀಗ್ ಆಯಿತು. ಅಂದಿನಿಂದ 1898ರವರೆಗೆ ಏಳು ಸೀಸನ್ ಸತತವಾಗಿ ಸ್ಪೈಡರ್ಸ್ ಸೋಲಿಗಿಂತ ಹೆಚ್ಚು ಗೆಲುವು ಕಂಡಿತು. 1892ರ ಸೀಸನ್ನಿನ ಎರಡನೇ ಅರ್ಧದಲ್ಲಿ ಅಗ್ರಸ್ಥಾನ ಪಡೆಯಿತು. 1895ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು ಸೋಲಿಸಿ, ಲೀಗಿನ ಮೊದಲ ಎರಡು ಸ್ಥಾನದ ತಂಡಗಳು ಆಡುತ್ತಿದ್ದ ಟೆಂಪಲ್ ಕಪ್ ಎತ್ತಿತು. 1898ರಲ್ಲೂ 81 ಗೆಲುವು, 68 ಸೋಲು, ಐದನೇ ಸ್ಥಾನ. ತಂಡದ ಮುಖ್ಯ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಸೈ ಯಂಗ್. ಬೇಸ್‌ಬಾಲ್‌ನಲ್ಲಿ ತಂಡದ ಪ್ರತಿ ಗೆಲುವನ್ನೂ ಸೋಲನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ಇಂದಿಗೂ ಪ್ರತಿ ವರ್ಷ ಶ್ರೇಷ್ಠ ಪಿಚರ್‌ಗಳಿಗೆ ಕೊಡುವ ಪ್ರಶಸ್ತಿ ಅವನ ಹೆಸರಿನಲ್ಲೇ ಇದೆ. ಅವನ ಒಟ್ಟು 511 ಗೆಲುವುಗಳಲ್ಲಿ 241 ಬಂದದ್ದು ಕ್ಲೀವ್‌ಲ್ಯಾಂಡ್ ತಂಡಕ್ಕಾಗಿ, 1890ರಿಂದ 1898ರ ನಡುವೆ.

ಅಂದರೆ ಆಟ ಚೆನ್ನಾಗಿಯೇ ಇತ್ತು. ನೋಡುವವರ ಸಂಖ್ಯೆ ಮಾತ್ರ ಇಳಿಯುತ್ತಿತ್ತು. ತಂಡದ ಮಾಲೀಕರು ಫ್ರಾಂಕ್ ರಾಬಿಸನ್ ಮತ್ತು ಅವನ ತಮ್ಮ ಸ್ಟಾನ್ಲಿ. ಫ್ರಾಂಕ್‌ನ ಮೂಲ ವ್ಯಾಪಾರ ಸ್ಟ್ರೀಟ್‌ಕಾರ್, ಅಂದರೆ ಟ್ರಾಮ್ ಸೇವೆ. 1891ರಲ್ಲಿ ತೆರೆದ ಲೀಗ್ ಪಾರ್ಕ್ ಮೈದಾನವನ್ನು ಅವನು ತನ್ನ ಟ್ರಾಮ್ ಮಾರ್ಗದ ಪಕ್ಕದಲ್ಲೇ ಕಟ್ಟಿಸಿದ. ಪಂದ್ಯಕ್ಕೆ ಬರುವವನು ಟ್ರಾಮ್ ಟಿಕೆಟ್ಟನ್ನೂ ಅವನಿಂದಲೇ ಕೊಳ್ಳಬೇಕು, ಮೈದಾನದ ಟಿಕೆಟ್ಟನ್ನೂ ಅವನಿಂದಲೇ ಕೊಳ್ಳಬೇಕು. ಒಳ್ಳೆಯ ಯೋಜನೆಯೇ. ಆದರೆ ಕ್ಲೀವ್‌ಲ್ಯಾಂಡ್‌ನಲ್ಲಿ ಭಾನುವಾರ ಬೇಸ್‌ಬಾಲ್ ಆಡುವಂತಿರಲಿಲ್ಲ. ಕಾರ್ಖಾನೆಯ ಕೆಲಸಗಾರನಿಗೆ ವಾರದಲ್ಲಿ ಆರು ದಿನ ದುಡಿಮೆ, ರಜೆ ಇದ್ದದ್ದು ಭಾನುವಾರ ಮಾತ್ರ. ಫ್ಲಡ್‌ಲೈಟ್ ಇಲ್ಲದ ಕಾಲ, ಪಂದ್ಯಗಳು ಮಧ್ಯಾಹ್ನವೇ ನಡೆಯಬೇಕು. ಹಾಗಾದರೆ ಬರುವವರು ಯಾರು? 1897ರ ಮೇ 16ರ ಭಾನುವಾರ ರಾಬಿಸನ್ ಒತ್ತಾಯದಿಂದ ಪಂದ್ಯ ಆಡಿಸಲು ನೋಡಿದ. ಪೊಲೀಸರು ಮೈದಾನಕ್ಕೆ ಬಂದು ಆಟಗಾರರನ್ನು ಬಂಧಿಸಿದರು. 1898ರ ಹೊತ್ತಿಗೆ ತವರಿನ ಪ್ರೇಕ್ಷಕರ ಒಟ್ಟು ಸಂಖ್ಯೆ ಸುಮಾರು 70,000ಕ್ಕೆ ಇಳಿದಿತ್ತು. ಆ ವರ್ಷವೇ ಹಲವು ತವರು ಪಂದ್ಯಗಳನ್ನು ಬೇರೆ ಊರುಗಳಿಗೆ ಸಾಗಿಸಲಾಯಿತು. ಮುಂದಿನ ವರ್ಷದ ಅನಾಹುತಕ್ಕೆ ಆಗಲೇ ತಾಲೀಮು ನಡೆದಿತ್ತು ಅನ್ನಬಹುದು.

ಇನ್ನೊಂದು ಕಡೆ ಸೇಂಟ್ ಲೂಯಿಸ್. ದೊಡ್ಡ ನಗರ, ಭಾನುವಾರದ ಆಟಕ್ಕೆ ಅಡ್ಡಿಯಿಲ್ಲ, ಜರ್ಮನ್ ಮೂಲದ ಜನ ಹೆಚ್ಚು, ಬಿಯರ್ ಹಿಡಿದು ಪಂದ್ಯ ನೋಡುವ ರೂಢಿ. ಅಲ್ಲಿನ ಬ್ರೌನ್ಸ್ ತಂಡದ ಮಾಲೀಕ ಕ್ರಿಸ್ ಫಾನ್ ಡೆರ್ ಆಹೆ ಸಲೂನ್, ಅಂದರೆ ಮದ್ಯದಂಗಡಿ, ನಡೆಸುತ್ತಿದ್ದವನು. 1885ರಿಂದ 1888ರವರೆಗೆ ನಾಲ್ಕು ವರ್ಷ ಸತತ ಚಾಂಪಿಯನ್‌ಶಿಪ್ ಗೆದ್ದ ತಂಡ ಅವನದು. 1898ರ ಏಪ್ರಿಲ್‌ನಲ್ಲಿ ಅವನ ಮೈದಾನಕ್ಕೆ ಬೆಂಕಿ ಬಿತ್ತು. ಸಾಲ, ಕೋರ್ಟು, ಮೊಕದ್ದಮೆ ಎಲ್ಲ ಒಟ್ಟಿಗೆ ಮುತ್ತಿಕೊಂಡವು. ಆ ವರ್ಷ ಬ್ರೌನ್ಸ್ 39 ಗೆದ್ದು 111 ಸೋತು ಪಟ್ಟಿಯ ತಳ ಸೇರಿತು. 1899ರ ಮಾರ್ಚ್‌ನಲ್ಲಿ ತಂಡ ಹರಾಜಿಗೆ ಬಂತು, ಕೈ ಬದಲಾಗುತ್ತಾ ರಾಬಿಸನ್ ಸೋದರರ ಹತೋಟಿಗೆ ಬಂತು.

ಈಗ ಒಂದೇ ಕುಟುಂಬದ ಕೈಯಲ್ಲಿ ಒಂದೇ ಲೀಗಿನ ಎರಡು ತಂಡಗಳು. ನಿಯಮ ಅದನ್ನು ತಡೆಯುತ್ತಿರಲಿಲ್ಲ. ಒಂದು ಊರಲ್ಲಿ ಒಳ್ಳೆಯ ತಂಡ, ಜನ ಇಲ್ಲ. ಇನ್ನೊಂದು ಊರಲ್ಲಿ ಜನ, ಒಳ್ಳೆಯ ತಂಡ ಇಲ್ಲ. ಅವರು ಮಾಡಿದ್ದು ನೇರವಾದ ಅದಲು ಬದಲು. ಕ್ಲೀವ್‌ಲ್ಯಾಂಡ್‌ನಿಂದ ಸೇಂಟ್ ಲೂಯಿಸ್‌ಗೆ ಹೋದವರ ಹೆಸರು ಕೇಳಿ: ಸೈ ಯಂಗ್, ಜ್ಯಾಕ್ ಪವೆಲ್, ಕಪ್ಪಿ, ಈ ಮೂವರು ಪಿಚರ್‌ಗಳು. ಪಿಚರ್ ಎಸೆದ ಚೆಂಡನ್ನು ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್‌ಗಳಾದ ಜ್ಯಾಕ್ ಓಕಾನರ್, ಲೂ ಕ್ರೈಗರ್. ಇನ್‌ಫೀಲ್ಡ್‌ನಲ್ಲಿ ಕ್ಯುಪಿಡ್ ಚೈಲ್ಡ್ಸ್, ಎಡ್ ಮೆಕೀನ್, ಬಾಬಿ ವಾಲೇಸ್. ಔಟ್‌ಫೀಲ್ಡ್‌ನಲ್ಲಿ ಜೆಸ್ಸಿ ಬರ್ಕೆಟ್. ಮ್ಯಾನೇಜರ್, ಅಂದರೆ ಮೈದಾನದಲ್ಲಿ ತಂಡ ನಡೆಸುವವನು, ಪ್ಯಾಟ್ಸಿ ಟೆಬೊ. ಇವರಲ್ಲಿ ಯಂಗ್, ಬರ್ಕೆಟ್, ವಾಲೇಸ್ ಮೂವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಸೇಂಟ್ ಲೂಯಿಸ್ ತಂಡಕ್ಕೆ 'ಪರ್ಫೆಕ್ಟೋಸ್' ಎಂಬ ಹೊಸ ಹೆಸರೂ ಬಂತು. ಬದಲಿಗೆ ಕ್ಲೀವ್‌ಲ್ಯಾಂಡ್‌ಗೆ ಬಂದವರು ಮುಖ್ಯವಾಗಿ ಹಿಂದಿನ ವರ್ಷ 111 ಪಂದ್ಯ ಸೋತ ತಂಡದವರು.

ಇಲ್ಲಿಗೆ ನಿಂತಿದ್ದರೆ ಏನಾಗುತ್ತಿತ್ತು? 1898ರ ಬ್ರೌನ್ಸ್ 39 ಗೆದ್ದಿತ್ತು. ಅದೇ ಮಂದಿ ಬೇರೆ ಊರಿನಲ್ಲಿ ಆಡಿದರೆ 35-40 ಗೆಲುವು ಬರಬೇಕು. ಬಂದದ್ದು ಅದರ ಅರ್ಧ. ಆದ್ದರಿಂದ ಆಟಗಾರರ ಅದಲು ಬದಲು ಕಥೆಯ ಅರ್ಧ ಮಾತ್ರ. ಉಳಿದರ್ಧವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ, ಹಾಗಾಗಿ ಅಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹನ್ನೆರಡು ತಂಡಗಳ ಲೀಗಿನಲ್ಲಿ ಪ್ರತಿ ತಂಡಕ್ಕೆ 11 ಎದುರಾಳಿಗಳು, ಒಬ್ಬೊಬ್ಬರ ಮೇಲೆ 14 ಪಂದ್ಯ, ಒಟ್ಟು 154. ಏಳು ತವರಿನಲ್ಲಿ, ಏಳು ಎದುರಾಳಿಯ ಊರಿನಲ್ಲಿ ಎಂದರೆ ತವರಿನಲ್ಲಿ 77 ಪಂದ್ಯ ಸಿಗಬೇಕು. 1899ರಲ್ಲಿ ಸ್ಪೈಡರ್ಸ್ ತವರಿನಲ್ಲಿ ಆಡಿದ್ದು 42, ಹೊರಗೆ 112.

ಇದಕ್ಕೆ ಕಾರಣ ಗೇಟ್ ಕಲೆಕ್ಷನ್. ಆ ಕಾಲದಲ್ಲಿ ಟಿವಿ ಹಕ್ಕಿಲ್ಲ, ಪ್ರಾಯೋಜಕರಿಲ್ಲ. ಟಿಕೆಟ್ ಹಣವೇ ತಂಡದ ಅನ್ನ. ಭೇಟಿ ಕೊಟ್ಟ ತಂಡಕ್ಕೂ ಆ ಕಲೆಕ್ಷನ್‌ನಲ್ಲಿ ಪಾಲು ಇರುತ್ತಿತ್ತು. ತಮ್ಮ ನೆಚ್ಚಿನ ಆಟಗಾರರನ್ನೆಲ್ಲ ಸಾಗಿಸಿದ ಮೇಲೆ ಕ್ಲೀವ್‌ಲ್ಯಾಂಡ್ ಜನ ಮೈದಾನದ ಕಡೆ ತಲೆ ಹಾಕಲಿಲ್ಲ. 42 ತವರು ಪಂದ್ಯಗಳಿಗೆ ಬಂದವರು ಒಟ್ಟು 6,088 ಮಂದಿ. ಪಂದ್ಯಕ್ಕೆ ಸರಾಸರಿ 145. ತಲೆಗೆ ಅರ್ಧ ಡಾಲರ್ ಟಿಕೆಟ್ ಎಂದು ಹಿಡಿದರೂ ಒಂದು ಪಂದ್ಯದ ಕಲೆಕ್ಷನ್ 72 ಡಾಲರ್ ಚಿಲ್ಲರೆ. ಅದರಲ್ಲಿ ಒಂದು ಪಾಲಿಗಾಗಿ ಬಾಸ್ಟನ್‌ನಿಂದಲೋ ಫಿಲಡೆಲ್ಫಿಯಾದಿಂದಲೋ ಇಡೀ ತಂಡವನ್ನು ರೈಲಿನಲ್ಲಿ ಕರೆತಂದು, ಹೋಟೆಲ್ ಬಾಡಿಗೆ ಕೊಟ್ಟು, ಊಟ ಹಾಕಿಸಬೇಕು. ಖರ್ಚೂ ಹುಟ್ಟುವುದಿಲ್ಲ. ಉಳಿದ ಮಾಲೀಕರು 'ನಾವು ಕ್ಲೀವ್‌ಲ್ಯಾಂಡ್‌ಗೆ ಬರುವುದಿಲ್ಲ, ಬೇಕಾದರೆ ನೀವೇ ಬನ್ನಿ' ಅಂದರು. ರಾಬಿಸನ್‌ಗಳಿಗೂ ಅದೇ ಲಾಭ, ಏಕೆಂದರೆ ಬೇರೆ ಊರಿನಲ್ಲಿ ಸಾವಿರಾರು ಜನ ಬಂದರೆ ಭೇಟಿ ತಂಡದ ಪಾಲಾಗಿ ಸಿಗುವ ಹಣ ತವರಿನ ಪೂರ್ತಿ ಕಲೆಕ್ಷನ್‌ಗಿಂತ ಹೆಚ್ಚು. ಹೀಗೆ ಎರಡೂ ಕಡೆಯವರ ಲೆಕ್ಕಕ್ಕೆ ಸರಿಹೊಂದಿದ ಒಂದು ತೀರ್ಮಾನದಿಂದ ತಂಡ ಮನೆಯಿಲ್ಲದ್ದಾಯಿತು.

ಇದರ ವೇಗ ನೋಡಿ. ಮೊದಲ 61 ಪಂದ್ಯಗಳಲ್ಲಿ 34 ತವರಿನಲ್ಲಿ ನಡೆದವು. ಕೊನೆಯ 93 ಪಂದ್ಯಗಳಲ್ಲಿ 85 ಹೊರಗೆ. ಜುಲೈಯಿಂದ ಅಕ್ಟೋಬರ್ ಮಧ್ಯದವರೆಗೆ ಈ ಮನುಷ್ಯರು ರೈಲಿನಲ್ಲೂ ಹೋಟೆಲಿನಲ್ಲೂ ಬದುಕಿದರು. ಪೂರ್ವದಲ್ಲಿ ಬಾಸ್ಟನ್, ನ್ಯೂಯಾರ್ಕ್, ಬ್ರೂಕ್ಲಿನ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್. ಪಶ್ಚಿಮದಲ್ಲಿ ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಲೂಯಿವಿಲ್, ಚಿಕಾಗೊ, ಸೇಂಟ್ ಲೂಯಿಸ್. ಪತ್ರಿಕೆಗಳು ಸ್ಪೈಡರ್ಸ್ ಎಂಬ ಹೆಸರನ್ನೇ ಬಿಟ್ಟು 'ಎಕ್ಸೈಲ್ಸ್', 'ವಾಂಡರರ್ಸ್' ಎಂದು ಬರೆಯತೊಡಗಿದವು. ದೇಶಭ್ರಷ್ಟರು, ಅಲೆಮಾರಿಗಳು.

ಫಲಿತಾಂಶದಲ್ಲಿ ಅಲೆದಾಟದ ಬೆಲೆ ಎಷ್ಟು? ತವರಿನಲ್ಲಿ 9 ಗೆಲುವು, 33 ಸೋಲು, ಶೇಕಡಾ 21. ಹೊರಗೆ 11 ಗೆಲುವು, 101 ಸೋಲು. ಶೇಕಡಾ 10ಕ್ಕಿಂತ ಕಡಿಮೆ. ಈ 101 ಹೊರಗಿನ ಸೋಲು ಇನ್ನು ಯಾರೂ ಮುರಿಯಲಾಗದ ದಾಖಲೆ, ಏಕೆಂದರೆ ಇಂದಿನ 162 ಪಂದ್ಯಗಳ ವೇಳಾಪಟ್ಟಿಯಲ್ಲಿ ಹೊರಗಿನ ಪಂದ್ಯಗಳೇ 81. ತವರಿನ ಗತಿಯಲ್ಲೇ ಎಲ್ಲ 154 ಆಡಿದ್ದರೆ 33 ಗೆಲುವು ಬರುತ್ತಿತ್ತು. ಅದೂ ಕೆಟ್ಟ ಸೀಸನ್ನೇ, ಆದರೆ ನಾವು ಅದರ ಬಗ್ಗೆ ಇವತ್ತು ಮಾತಾಡುತ್ತಿರಲಿಲ್ಲ.

ಮೂರನೆಯ ಹೊಡೆತ ಸೀಸನ್ನಿನ ನಡುವೆ ಬಿತ್ತು. ಏಪ್ರಿಲ್ 15ರ ಮೊದಲ ಪಂದ್ಯವೇ ಸೇಂಟ್ ಲೂಯಿಸ್‌ನಲ್ಲಿ, ತಮ್ಮದೇ ಹಳೆಯ ಆಟಗಾರರ ಎದುರು. ಸೈ ಯಂಗ್ ಪಿಚ್ ಮಾಡಿದ. ಪರ್ಫೆಕ್ಟೋಸ್ 10-1ರಿಂದ ಗೆದ್ದಿತು. ಮೊದಲ ಮ್ಯಾನೇಜರ್ ಲೇವ್ ಕ್ರಾಸ್, ಒಳ್ಳೆಯ ಥರ್ಡ್ ಬೇಸ್‌ಮನ್, ಅಂದರೆ ಮೂರನೇ ಬೇಸ್ ಕಾಯುವ ಫೀಲ್ಡರ್. ಅವನ ಕೈಕೆಳಗೆ ತಂಡ 38 ಪಂದ್ಯಗಳಲ್ಲಿ 8 ಗೆದ್ದಿತು. ಜೂನ್‌ನಲ್ಲಿ ಅವನನ್ನೂ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಜೊತೆಗೆ ಹೋದವನು ಪಿಚರ್ ವಿಲ್ಲಿ ಸಡ್‌ಹಾಫ್. ಕ್ಲೀವ್‌ಲ್ಯಾಂಡ್‌ನಲ್ಲಿ ಅವನ ದಾಖಲೆ 3-8, ಅಂದರೆ 3 ಗೆಲುವು, 8 ಸೋಲು. ಅದೇ ವರ್ಷ, ಅದೇ ತೋಳು, ಸೇಂಟ್ ಲೂಯಿಸ್‌ನಲ್ಲಿ 13-10. ಈ ಒಬ್ಬನ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟರೆ, 'ಆಟಗಾರರೇ ಕೆಟ್ಟವರು' ಎಂಬ ವಾದ ಎಷ್ಟು ಹಗುರ ಎಂದು ಗೊತ್ತಾಗುತ್ತದೆ. ಅವನ ಬದಲಿಗೆ ಬಂದ ಪಿಚರ್ ಫ್ರಾಂಕ್ ಬೇಟ್ಸ್ ಕ್ಲೀವ್‌ಲ್ಯಾಂಡ್‌ಗೆ 1 ಗೆದ್ದು 18 ಸೋತ. ಅವನ ಜೊತೆ ಬಂದ ಕ್ಯಾಚರ್ ಆಸಿ ಶ್ರೆಕೆಂಗೋಸ್ಟ್ 300ರ ಮೇಲೆ ಬ್ಯಾಟಿಂಗ್ ಸರಾಸರಿ (ಸಾವಿರ ಅವಕಾಶಕ್ಕೆ 300 ಹಿಟ್ ಎಂಬ ಲೆಕ್ಕ) ತೋರಿಸಿದ ತಕ್ಷಣ ಅವನೂ ಸೇಂಟ್ ಲೂಯಿಸ್‌ಗೆ ವಾಪಸ್. ಹಳೆಯ ಕ್ಯಾಚರ್ ಚೀಫ್ ಝಿಮ್ಮರ್ ಲೂಯಿವಿಲ್ ಸೇರಿದ. ಚೆನ್ನಾಗಿ ಆಡಿದವನಿಗೆ ತಂಡ ಬಿಡುವ ಬಹುಮಾನ. ಉಳಿದವರಿಗೆ ಇದರಿಂದ ಏನು ಅರ್ಥವಾಗಿರಬೇಕು, ಯೋಚಿಸಿ.

ಕ್ರಾಸ್ ನಂತರ ಮ್ಯಾನೇಜರ್ ಆದವನು ಸೆಕೆಂಡ್ ಬೇಸ್‌ಮನ್ ಜೋ ಕ್ವಿನ್. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಮೇಜರ್ ಲೀಗ್‌ನಲ್ಲಿ ಆಡಿದ ಮೊದಲಿಗ ಎಂದು ಹೆಸರಾದವನು. ಆಟವಿಲ್ಲದ ತಿಂಗಳುಗಳಲ್ಲಿ ಸೇಂಟ್ ಲೂಯಿಸ್‌ನಲ್ಲಿ ಶವಸಂಸ್ಕಾರದ ವೃತ್ತಿ. ಆ ವೃತ್ತಿಯ ಮೇಲೆ ಅಂದಿನ ಪತ್ರಿಕೆಗಳು ಬೇಕಾದಷ್ಟು ಹಾಸ್ಯ ಮಾಡಿವೆ, ನಾನು ಅದಕ್ಕೆ ಹೋಗುವುದಿಲ್ಲ. ಅವನ ಕೈಗೆ ಬಂದಾಗ ತಂಡದಲ್ಲಿ ಏನೂ ಉಳಿದಿರಲಿಲ್ಲ: 116 ಪಂದ್ಯಗಳಲ್ಲಿ 12 ಗೆಲುವು, 104 ಸೋಲು. ಆದರೂ ಅವನು ಕೊನೆಯ ದಿನದವರೆಗೆ ತಾನೂ ಆಡಿದ, 280ರ ಮೇಲೆ ಬ್ಯಾಟಿಂಗ್ ಸರಾಸರಿ ಉಳಿಸಿಕೊಂಡ.

ಪಿಚಿಂಗ್ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಸೋಲಿನ ಭಾರ ಬಿದ್ದದ್ದು ಅಲ್ಲೇ. ಇಂದು ಒಂದು ಪಂದ್ಯಕ್ಕೆ ನಾಲ್ಕೈದು ಪಿಚರ್‌ಗಳು ಬಂದು ಹೋಗುತ್ತಾರೆ. 1899ರಲ್ಲಿ ಪಂದ್ಯ ಶುರು ಮಾಡಿದವನೇ ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್, ಅಂದರೆ ಪೂರ್ತಿ ಪಂದ್ಯ, ಮುಗಿಸಬೇಕು. ಮೂರನೇ ಇನ್ನಿಂಗ್ಸ್‌ನಲ್ಲಿ ಹತ್ತು ರನ್ ಕೊಟ್ಟರೂ ಬದಲಾಯಿಸಲು ಬೆಂಚಿನಲ್ಲಿ ಬೇರೆಯವರಿಲ್ಲ. ಇದ್ದವನು ನಾಳೆಯ ಪಂದ್ಯಕ್ಕೆ ಬೇಕು. 1893ರಲ್ಲಿ ಪಿಚಿಂಗ್ ದೂರವನ್ನು 60 ಅಡಿ 6 ಅಂಗುಲಕ್ಕೆ ಹೆಚ್ಚಿಸಿದ ಮೇಲೆ ತೋಳಿನ ಮೇಲಿನ ಹೊರೆ ಏರಿತ್ತು. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್; ಆದರೆ ಫೌಲ್ ಆದ, ಅಂದರೆ ಬ್ಯಾಟಿಗೆ ತಾಗಿ ಗೆರೆಯಾಚೆ ಹೋದ ಚೆಂಡು ಸ್ಟ್ರೈಕ್ ಎಂದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗೆ ಲೆಕ್ಕ ಹಿಡಿಯುವ ನಿಯಮ ನ್ಯಾಷನಲ್ ಲೀಗ್‌ಗೆ ಬಂದದ್ದು 1901ರಲ್ಲಿ. ಹಾಗಾಗಿ ನಿಪುಣ ಬ್ಯಾಟರ್ ಬೇಡದ ಚೆಂಡುಗಳನ್ನೆಲ್ಲ ಫೌಲ್ ಮಾಡುತ್ತಾ ಪಿಚರ್‌ನನ್ನು ದಣಿಸಬಹುದಿತ್ತು. ಮಳೆಯಿಂದ ನಿಂತ ಪಂದ್ಯಗಳನ್ನು ಸೇರಿಸಿ ಒಂದೇ ದಿನ ಎರಡು ಪಂದ್ಯ ಆಡುವ ಡಬಲ್ ಹೆಡರ್‌ಗಳು ಬೇರೆ.

ಪಿಚರ್‌ಗಳ ಸಾಲು ಹೀಗಿದೆ: ಜಿಮ್ ಹ್ಯೂಯಿ 4-30, ಚಾರ್ಲಿ ನೆಪ್ಪರ್ 4-22, ಬೇಟ್ಸ್ 1-18, ಫ್ರೆಡ್ರಿಕ್ ಶ್ಮಿಟ್ 2-17, ಹ್ಯಾರಿ ಕಾಲಿಫ್ಲವರ್ 1-11. ಈ ಐವರದೇ 98 ಸೋಲು. ಹ್ಯೂಯಿ ಮೇಜರ್ ಲೀಗ್‌ನಲ್ಲಿ ಒಂದೇ ಸೀಸನ್‌ನಲ್ಲಿ 30 ಪಂದ್ಯ ಸೋತ ಕೊನೆಯ ಪಿಚರ್. ಆದರೆ ಅವನ ಅರ್ನ್ಡ್ ರನ್ ಸರಾಸರಿ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಟ್ಟ ರನ್; ಕಡಿಮೆಯಾದಷ್ಟೂ ಒಳ್ಳೆಯದು) 5.41, ಇಡೀ ತಂಡದ್ದು 6.37. ಅಂದರೆ ಅತಿ ಹೆಚ್ಚು ಸೋತವನು ಆ ಗುಂಪಿನ ಉತ್ತಮ ಪಿಚರ್! ಉತ್ತಮನಾದ್ದರಿಂದಲೇ ಅವನನ್ನು ಮತ್ತೆ ಮತ್ತೆ ಕಣಕ್ಕಿಳಿಸಿದರು, 283 ಇನ್ನಿಂಗ್ಸ್ ಎಸೆಸಿದರು, ಸೋಲೂ ಅವನ ಖಾತೆಗೇ ಬಿತ್ತು. ಪಿಚರ್‌ಗಳ ಸೋಲಿನ ಸಂಖ್ಯೆ ನೋಡಿ ಅವರನ್ನು ಅಳೆಯುವವರು ಹ್ಯೂಯಿಯ ಈ ಸಾಲನ್ನು ಒಮ್ಮೆ ನೋಡಬೇಕು.

ಅರ್ನ್ಡ್ ರನ್ ಅಂದರೆ ಫೀಲ್ಡರ್‌ಗಳ ತಪ್ಪಿಲ್ಲದೆ ಬಂದ ರನ್. ಸ್ಪೈಡರ್ಸ್ ಒಟ್ಟು ಕೊಟ್ಟ ರನ್ 1,252, ಪಂದ್ಯಕ್ಕೆ 8.1. ಅರ್ನ್ಡ್ ರನ್ ಸರಾಸರಿ 6.37 ಎಂದರೆ ಪಂದ್ಯಕ್ಕೆ ಒಂದೂವರೆಗಿಂತ ಹೆಚ್ಚು ರನ್ ಫೀಲ್ಡಿಂಗ್ ತಪ್ಪುಗಳಿಂದ ಬಂದವು. ಆಗಿನ ಗ್ಲೌಸ್ ಅಂಗೈ ಮುಚ್ಚುವಷ್ಟೇ ದೊಡ್ಡದು, ಮೈದಾನಗಳು ಒರಟು, ತಪ್ಪುಗಳು ಎಲ್ಲ ತಂಡಗಳಲ್ಲೂ ಹೆಚ್ಚು. ಆದರೆ ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹ್ಯಾರಿ ಲಾಕ್‌ಹೆಡ್‌ಗೆ ಮೇಜರ್ ಲೀಗ್‌ನಲ್ಲಿ ಅದು ಮೊದಲ ವರ್ಷ. ಪಕ್ಕದಲ್ಲಿ ನಿಲ್ಲುವವರು ಬದಲಾಗುತ್ತಲೇ ಇದ್ದರೆ ಇನ್‌ಫೀಲ್ಡ್‌ನಲ್ಲಿ ಯಾವ ಚೆಂಡು ಯಾರದು ಎಂಬ ಹೊಂದಾಣಿಕೆ ಕೂಡುವುದಾದರೂ ಹೇಗೆ?

ಬ್ಯಾಟಿಂಗ್‌ನಲ್ಲಿ 154 ಪಂದ್ಯಕ್ಕೆ 529 ರನ್, ಪಂದ್ಯಕ್ಕೆ 3.4. ಇಡೀ ತಂಡದ ಹೋಮ್ ರನ್, ಅಂದರೆ ಒಂದೇ ಹೊಡೆತದಲ್ಲಿ ಎಲ್ಲ ಬೇಸ್ ಸುತ್ತಿ ಬಂದದ್ದು, 12. ಬೇಸ್‌ಬಾಲ್ ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಸೂತ್ರವಿದೆ: ಗಳಿಸಿದ ರನ್‌ನ ವರ್ಗವನ್ನು, ಗಳಿಸಿದ ಮತ್ತು ಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ನಿರೀಕ್ಷಿತ ಗೆಲುವಿನ ಪ್ರಮಾಣ ಸಿಗುತ್ತದೆ. 529 ಮತ್ತು 1,252 ಹಾಕಿ ನೋಡಿದರೆ ಶೇಕಡಾ 15, ಅಂದರೆ 23 ಗೆಲುವು. ಬಂದದ್ದು 20. ದುರದೃಷ್ಟ ಕಿತ್ತುಕೊಂಡದ್ದು ಮೂರೇ ಪಂದ್ಯ. ಉಳಿದದ್ದೆಲ್ಲ ಮನುಷ್ಯರು ಮಾಡಿದ್ದು.

ತಂಡದಲ್ಲಿ ಒಂದು ಕಾಲದ ದೊಡ್ಡ ಹೆಸರುಗಳೂ ಇದ್ದವು. 200ಕ್ಕೂ ಹೆಚ್ಚು ಗೆಲುವು ಕಂಡ ಪಿಚರ್ ಜ್ಯಾಕ್ ಸ್ಟಿವೆಟ್ಸ್ ಇಲ್ಲಿ 0-4ರೊಂದಿಗೆ ಮೇಜರ್ ಲೀಗ್ ಬಾಳು ಮುಗಿಸಿದ. 1889ರಲ್ಲಿ ಅಮೆರಿಕನ್ ಅಸೋಸಿಯೇಷನ್‌ನ ಬ್ಯಾಟಿಂಗ್ ಪಟ್ಟ ಗೆದ್ದ ಟಾಮಿ ಟಕ್ಕರ್‌ಗೂ ಇದೇ ಕೊನೆಯ ವರ್ಷ. ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ಬುಡಕಟ್ಟಿನ ಲೂಯಿಸ್ ಸಾಕಲೆಕ್ಸಿಸ್ 1897ರಲ್ಲಿ ಇದೇ ತಂಡಕ್ಕೆ 338 ಸರಾಸರಿಯಲ್ಲಿ ಬ್ಯಾಟ್ ಬೀಸಿ ಮಿಂಚಿದ್ದವನು. 1899ರಲ್ಲಿ ಏಳು ಪಂದ್ಯವಾಡಿ ಹೊರಬಿದ್ದ.

ಸೀಸನ್ನಿನ ಕೊನೆಯ ಭಾಗ ಓದುವುದೇ ಕಷ್ಟ. ಆಗಸ್ಟ್ 26ರಿಂದ ಸೆಪ್ಟೆಂಬರ್ 16ರವರೆಗೆ ಸತತ 24 ಸೋಲು, ನ್ಯಾಷನಲ್ ಲೀಗ್‌ನಲ್ಲಿ ಇಂದಿಗೂ ದಾಖಲೆ. ಸೆಪ್ಟೆಂಬರ್ 18ರಂದು ವಾಷಿಂಗ್ಟನ್ ಮೇಲೆ ಒಂದು ಗೆಲುವು. ಆಮೇಲೆ ಕೊನೆಯವರೆಗೆ ಮತ್ತೆ 16 ಸೋಲು. ಕೊನೆಯ 41ರಲ್ಲಿ 40 ಸೋಲು. ಹೊರಗೆ ಆಡುವಾಗ ಹತ್ತರಲ್ಲಿ ಒಂದು ಗೆಲ್ಲುವ ತಂಡ ಅದು. ಯಾವುದೇ 24 ಪಂದ್ಯ ತೆಗೆದುಕೊಂಡರೂ ಎಲ್ಲವನ್ನೂ ಸೋಲುವ ಸಾಧ್ಯತೆ ನೂರಕ್ಕೆ ಎಂಟು. ಅಷ್ಟೊಂದು ಹೊರಗಿನ ಪಂದ್ಯಗಳ ಮಧ್ಯೆ ಇಂಥದ್ದು ಒಮ್ಮೆ ಬರುವುದು ಆಶ್ಚರ್ಯವಲ್ಲ. ಬ್ರೂಕ್ಲಿನ್ ಮತ್ತು ಸಿನ್ಸಿನಾಟಿ ಎದುರು 14ಕ್ಕೆ 14 ಸೋಲು. ತಮ್ಮದೇ ಮಾಲೀಕರ ಸೇಂಟ್ ಲೂಯಿಸ್ ಎದುರು 14ರಲ್ಲಿ ಒಂದು ಗೆಲುವು. ಅಗ್ರಸ್ಥಾನದ ಬ್ರೂಕ್ಲಿನ್‌ಗಿಂತ 84 ಪಂದ್ಯ ಹಿಂದೆ (ಗೆಲುವಿನ ಅಂತರ, ಸೋಲಿನ ಅಂತರ ಎರಡರ ಸರಾಸರಿ ಇದು), ಹನ್ನೊಂದನೇ ಸ್ಥಾನದ ವಾಷಿಂಗ್ಟನ್‌ಗಿಂತಲೂ 35 ಪಂದ್ಯ ಹಿಂದೆ.

ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ಕೊನೆಯ ಡಬಲ್ ಹೆಡರ್. ಎರಡನೇ ಪಂದ್ಯಕ್ಕೆ ಪಿಚ್ ಮಾಡಿದವನು ಎಡ್ಡಿ ಕೋಲ್ಬ್, ತಂಡ ಇಳಿದುಕೊಂಡಿದ್ದ ಹೋಟೆಲಿನ ಸಿಗಾರ್ ಅಂಗಡಿಯಲ್ಲಿ ಕೆಲಸಕ್ಕಿದ್ದ 19ರ ಹುಡುಗ. ಪೂರ್ತಿ ಪಂದ್ಯ ಎಸೆದ, 19-3ರಿಂದ ಸೋತ. ಸೀಸನ್ ಮುಗಿದ ಮೇಲೆ ಆಟಗಾರರು ತಂಡದ ಪ್ರಯಾಣ ಕಾರ್ಯದರ್ಶಿ ಜಾರ್ಜ್ ಮ್ಯೂರ್‌ಗೆ ವಜ್ರದ ಲಾಕೆಟ್ ಕೊಟ್ಟರು. ಎಲ್ಲ ಪಂದ್ಯಗಳನ್ನೂ ಕೂತು ನೋಡಬೇಕಾಗಿ ಬಂದವನು ಅವನೊಬ್ಬನೇ ಎಂಬುದು ಅವರು ಕೊಟ್ಟ ಕಾರಣ.

ಹಾಗಾದರೆ ಈ ಯೋಜನೆಯಿಂದ ರಾಬಿಸನ್‌ಗಳಿಗೆ ಸಿಕ್ಕಿದ್ದೇನು? ಸೇಂಟ್ ಲೂಯಿಸ್‌ನಲ್ಲಿ ಪ್ರೇಕ್ಷಕರು ಸುಮಾರು 1.5 ಲಕ್ಷದಿಂದ 3.7 ಲಕ್ಷಕ್ಕೆ ಏರಿದರು. ಬರ್ಕೆಟ್ 396 ಸರಾಸರಿಯಲ್ಲಿ ಬ್ಯಾಟ್ ಮಾಡಿದ, ಸೈ ಯಂಗ್ 26 ಗೆದ್ದ. ತಂಡ 84-67ರಲ್ಲಿ ಐದನೇ ಸ್ಥಾನ. ನೆನಪಿರಲಿ, ಇದೇ ಆಟಗಾರರು ಹಿಂದಿನ ವರ್ಷ ಕ್ಲೀವ್‌ಲ್ಯಾಂಡ್ ಹೆಸರಿನಲ್ಲೂ ಐದನೇ ಸ್ಥಾನವನ್ನೇ ಗಳಿಸಿದ್ದರು. ಒಂದು ಊರಿನ ಆಟವನ್ನೇ ಬರಿದು ಮಾಡಿ ಪಡೆದ ಐದನೇ ಸ್ಥಾನ ಇದು.

ಅದೇ ವರ್ಷ ಇನ್ನೊಂದು ಜೋಡಿಯೂ ಇತ್ತು, ಹೋಲಿಕೆಗೆ ಅದು ಬಹಳ ಉಪಯುಕ್ತ. ಬ್ರೂಕ್ಲಿನ್ ಮತ್ತು ಬಾಲ್ಟಿಮೋರ್ ಕೂಡ ಒಂದೇ ಮಾಲೀಕರ ಗುಂಪಿಗೆ ಸೇರಿದ್ದವು. ಮ್ಯಾನೇಜರ್ ನೆಡ್ ಹ್ಯಾನ್ಲನ್ ಬಾಲ್ಟಿಮೋರ್‌ನ ವಿಲ್ಲಿ ಕೀಲರ್, ಜೋ ಕೆಲ್ಲಿ, ಹ್ಯೂಯಿ ಜೆನಿಂಗ್ಸ್ ಅವರನ್ನು ಬ್ರೂಕ್ಲಿನ್‌ಗೆ ಒಯ್ದ; ಬ್ರೂಕ್ಲಿನ್ 101-47ರಲ್ಲಿ ಚಾಂಪಿಯನ್ ಆಯಿತು. ಆದರೆ ಅಲ್ಲಿ ಮ್ಯಾನೇಜರ್ ಆದ ಜಾನ್ ಮೆಕ್‌ಗ್ರಾ ಮತ್ತು ವಿಲ್ಬರ್ಟ್ ರಾಬಿನ್ಸನ್ ಬಾಲ್ಟಿಮೋರ್‌ನಲ್ಲೇ ಉಳಿದರು. ಹೊಸಬನಾದ ಪಿಚರ್ ಜೋ ಮೆಕ್‌ಗಿನಿಟಿ 28 ಗೆದ್ದ. ಬಾಲ್ಟಿಮೋರ್ 86-62ರಲ್ಲಿ ನಾಲ್ಕನೇ ಸ್ಥಾನ, ಸೇಂಟ್ ಲೂಯಿಸ್‌ಗಿಂತ ಮೇಲೆ! ಅಂದರೆ ಮೂವರು ದೊಡ್ಡ ಆಟಗಾರರು ಹೋದರೂ ತಂಡ ಸಾಯುವುದಿಲ್ಲ. ಒಬ್ಬ ಒಳ್ಳೆಯ ನಾಯಕ, ತಂಡದ ಒಂದು ತಿರುಳು, ತವರಿನ ಮೈದಾನ ಉಳಿದರೆ ಸಾಕು. ಕ್ಲೀವ್‌ಲ್ಯಾಂಡ್‌ಗೆ ಈ ಮೂರರಲ್ಲಿ ಒಂದನ್ನೂ ಬಿಡಲಿಲ್ಲ.

1900ಕ್ಕೆ ಲೀಗ್ ಎಂಟು ತಂಡಗಳಿಗೆ ಇಳಿಯಿತು. ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್, ಲೂಯಿವಿಲ್, ವಾಷಿಂಗ್ಟನ್ ಹೊರಬಿದ್ದವು. ಖಾಲಿಯಾದ ಜಾಗಕ್ಕೆ ಬ್ಯಾನ್ ಜಾನ್ಸನ್ ತನ್ನ ಅಮೆರಿಕನ್ ಲೀಗ್ ತಂದ. 1901ರಲ್ಲಿ ಅದು ಮೇಜರ್ ಲೀಗ್ ಎಂದು ಘೋಷಿಸಿಕೊಂಡಾಗ ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್, ವಾಷಿಂಗ್ಟನ್ ಮೂರರಲ್ಲೂ ಅದರ ತಂಡಗಳಿದ್ದವು. ಆ ಕ್ಲೀವ್‌ಲ್ಯಾಂಡ್ ತಂಡವೇ ಇಂದಿನ ಗಾರ್ಡಿಯನ್ಸ್. ಸ್ಪೈಡರ್ಸ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ, ಆಡಿದ ಮೈದಾನ ಮಾತ್ರ ಅದೇ ಲೀಗ್ ಪಾರ್ಕ್. ಪರ್ಫೆಕ್ಟೋಸ್ 1900ರಲ್ಲಿ ಕಾರ್ಡಿನಲ್ಸ್ ಆಯಿತು. ಒಂದೇ ಲೀಗ್‌ನಲ್ಲಿ ಎರಡು ತಂಡ ಇಟ್ಟುಕೊಳ್ಳುವುದನ್ನು ಮುಂದೆ ನಿಷೇಧಿಸಿದರು.

ಕೊನೆಗೆ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಇಂದಿನ ಟಿ20 ಫ್ರಾಂಚೈಸಿಗಳಲ್ಲೂ ಒಬ್ಬರೇ ಮಾಲೀಕರು ಹಲವು ತಂಡ ಇಟ್ಟುಕೊಂಡಿದ್ದಾರಲ್ಲ, ಇದೂ ಅದೇ ತಾನೆ ಎಂದು ಒಬ್ಬರು ಕೇಳಿದರು. ಮುಂಬೈ ಇಂಡಿಯನ್ಸ್ ಮಾಲೀಕರಿಗೆ ಕೇಪ್‌ಟೌನ್, ನ್ಯೂಯಾರ್ಕ್ ತಂಡಗಳೂ ಇರುವುದು ನಿಜ. ಆದರೆ ಅವು ಬೇರೆ ಬೇರೆ ಲೀಗ್‌ಗಳು, ಒಂದೇ ಅಂಕಪಟ್ಟಿಯಲ್ಲಿ ಎದುರುಬದುರಾಗುವುದಿಲ್ಲ. ಸ್ಪೈಡರ್ಸ್ ವಿಷಯದಲ್ಲಿ ಆಪತ್ತು ಹುಟ್ಟಿದ್ದು ಒಂದೇ ಪಟ್ಟಿಯಲ್ಲಿ ಎರಡು ತಂಡ ಇದ್ದುದರಿಂದ, ಮತ್ತು ಸೀಸನ್ನಿನ ನಡುವೆಯೂ ಆಟಗಾರರನ್ನು ಬೇಕಾದಂತೆ ಸಾಗಿಸಲು ತಡೆ ಇಲ್ಲದ್ದರಿಂದ. ಈ ಎರಡರಲ್ಲಿ ಒಂದು ಬಾಗಿಲು ಎಲ್ಲಾದರೂ ತೆರೆದಿದೆಯೇ ಎಂದು ನೋಡಿಕೊಳ್ಳಬೇಕು.

ಆ ಆಟಗಾರರು ಏನಾದರು ಎಂಬುದು ಎರಡನೇ ಪ್ರಶ್ನೆ. ಹ್ಯೂಯಿ 1900ರಲ್ಲಿ ಸೇಂಟ್ ಲೂಯಿಸ್‌ಗೆ ಒಂದು ವರ್ಷ ಎಸೆದು ಮೇಜರ್ ಲೀಗ್‌ನಿಂದ ನಿವೃತ್ತನಾದ. ಬೇಟ್ಸ್ ಮತ್ತೆ ಆ ಮಟ್ಟದಲ್ಲಿ ಆಡಲಿಲ್ಲ. ಕಾಲಿಫ್ಲವರ್ ಮುಂದೆ ಅಮೆರಿಕನ್ ಲೀಗ್‌ನಲ್ಲಿ ಅಂಪೈರ್ ಆದ. ಲೇವ್ ಕ್ರಾಸ್ 1907ರವರೆಗೆ ಆಡಿದ. ಶ್ರೆಕೆಂಗೋಸ್ಟ್ ಫಿಲಡೆಲ್ಫಿಯಾ ಅಥ್ಲೆಟಿಕ್ಸ್‌ನ ಮುಖ್ಯ ಕ್ಯಾಚರ್ ಆಗಿ ಹೆಸರು ಮಾಡಿದ. 1899ರ ಪಟ್ಟಿಯಲ್ಲಿ 1-4 ಎಂಬ ಸಣ್ಣ ಸಾಲಿನಲ್ಲಿ ಅಡಗಿರುವ ಪಿಚರ್ ಜ್ಯಾಕ್ ಹಾರ್ಪರ್ 1901ರಲ್ಲಿ ಸೇಂಟ್ ಲೂಯಿಸ್‌ಗೆ 23 ಪಂದ್ಯ ಗೆದ್ದುಕೊಟ್ಟ, 1904ರಲ್ಲಿ ಸಿನ್ಸಿನಾಟಿಗೆ ಮತ್ತೆ 23 ಗೆದ್ದ, ಸೋತದ್ದು 9.